ತೌಡು ಹಾಳಾಗುವ ಮೊದಲೇ ಹುರಿಯಿರಿ

ಕಣಕುಂಬಿಯ ಮಳೆ ಕಂಡವರಿಗೆ ಜುಲೈ ತಿಂಗಳಲ್ಲಿ ದನ ಸಾಕುವ ಕಷ್ಟ ಹೇಳಬೇಕಾಗಿಲ್ಲ. ಮಲಪ್ರಭೆ ಹುಟ್ಟುವ ಊರು ನಮ್ಮದು. ದನ ಹೊರಗೆ ಬಿಡುವ ಹಾಗಿಲ್ಲ, ಹಿಂಡಿಗೆ ದುಡ್ಡು ಸುರಿಯಬೇಕು. ಹೀಗಿದ್ದೂ ಭತ್ತ ಅಕ್ಕಿ ಮಾಡಿಸಿದವರು ತೌಡನ್ನು ಗಿರಣಿಯಲ್ಲೇ ಬಿಟ್ಟು ಬರುವುದುಂಟು. ಕೇಳಿದರೆ, "ಎರಡು ದಿನಕ್ಕ ಕಮಟು ವಾಸನಿ ಹೊಡೀತದ್ರೀ, ದನ ಮೂಸೂದಿಲ್ಲ" ಅಂತಾರೆ. ಮಾತು ನಿಜ. ಆದರೆ ಈ ಕಮಟನ್ನು ಮನೆಯ ಒಲೆಯ ಮೇಲೇ ತಡೆಯಬಹುದು.

ಒಂದು ಕ್ವಿಂಟಲ್ ಭತ್ತದಲ್ಲಿ ಸುಮಾರು 20 ಕಿಲೋ ಹೊಟ್ಟು, 5ರಿಂದ 8 ಕಿಲೋ ತೌಡು. ಒಳ್ಳೆಯ ತೌಡಿನಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆ, 12ರಿಂದ 15 ಪಾಲು ಪ್ರೋಟೀನು. ಬಿ ಜೀವಸತ್ವಗಳೂ ಇಲ್ಲೇ ಇವೆ. 1912ರಲ್ಲಿ ಕಾಸಿಮಿರ್ ಫಂಕ್ ಎಂಬ ವಿಜ್ಞಾನಿ 'ವಿಟಮಿನ್' ಎಂಬ ಹೆಸರು ಕೊಟ್ಟದ್ದು ಅಕ್ಕಿ ತೌಡಿನ ಸತ್ವ ಹುಡುಕುತ್ತಿದ್ದಾಗಲೇ!

ಕಮಟು ಯಾಕೆ? ಅಕ್ಕಿಕಾಳು ಇಡಿಯಾಗಿರುವಾಗ ಎಣ್ಣೆ ಬೇರೆ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಬೇರೆ. ಪಾಲಿಶ್ ಆಗುವಾಗ ಎರಡೂ ಕೂಡಿಬಿಡುತ್ತವೆ. ಆ ಗಳಿಗೆಯಿಂದಲೇ ಎಣ್ಣೆ ಹುಳಿಯತೊಡಗುತ್ತದೆ. ನಮ್ಮ ತೇವದ ಹವೆಯಲ್ಲಿ ಇನ್ನೂ ಬೇಗ. ಶಾಖ ಕೊಟ್ಟರೆ ಕಿಣ್ವ ಸಾಯುತ್ತದೆ. ಘಟ್ಟದ ಕೆಳಗಿನ ಗೋವೆಯವರು ಉಣ್ಣುವ ಉಕಡೆ ಅಕ್ಕಿಯ ತೌಡು ಹೆಚ್ಚು ದಿನ ತಾಳುವುದು ಇದಕ್ಕೇ. ಅಲ್ಲಿ ಭತ್ತವೇ ಬೆಂದಿರುತ್ತದೆ.

ನಾನು ಮಾಡುವ ಕ್ರಮ ಹೀಗೆ. ಗಿರಣಿಯಿಂದ ತಂದ ದಿನವೇ ತೌಡು ಜರಡಿ ಹಿಡಿಯುತ್ತೇನೆ. ದಪ್ಪ ತಳದ ಕಬ್ಬಿಣದ ಬಾಣಲೆಯಲ್ಲಿ ಹೆಬ್ಬೆರಳು ದಪ್ಪಕ್ಕೆ ಹರವಿ, ಸಣ್ಣ ಉರಿಯಲ್ಲಿ 15 ನಿಮಿಷ ಕೈಬಿಡದೆ ಕೆದಕುತ್ತೇನೆ. ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರೆ ಹಬೆ ಕೂರಬಾರದು, ಹುರಿದ ಶೇಂಗಾದಂಥ ವಾಸನೆ ಬರಬೇಕು. ಕರಕಾದರೆ ಸತ್ವ ಹೋಯಿತು. ಪೂರ್ತಿ ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ. ಬಿಸಿ ಇರುವಾಗ ತುಂಬಿದರೆ ಬೆವರಿ ಬೂಸಲು ಬರುತ್ತದೆ.

ಗಿರಣಿ ಯಾವುದು ಅನ್ನೋದೂ ಮುಖ್ಯ. ಹಳೇ ಹಲ್ಲರ್‌ನಲ್ಲಿ ಹೊಟ್ಟೂ ಪುಡಿಯಾಗಿ ತೌಡಿನಲ್ಲಿ ಬೆರೆಯುತ್ತದೆ. ಅದು ಅಡುಗೆಗೆ ಬೇಡ, ದನಕ್ಕೂ ಕಡಿಮೆ ದರ್ಜೆಯದು. ರಬ್ಬರ್ ರೋಲರ್ ಗಿರಣಿಯಲ್ಲಿ ಹೊಟ್ಟು ಮೊದಲೇ ಬೇರೆಯಾಗಿ, ತೌಡು ಚೊಕ್ಕಟ ಸಿಗುತ್ತದೆ. ಅಡುಗೆಗೆ ಬಳಸುವುದಾದರೆ ಕೊಯ್ಲಿನ ಹತ್ತಿರ ಔಷಧ ಹೊಡೆದ ಭತ್ತದ್ದಂತೂ ಬೇಡವೇ ಬೇಡ. ವಿಷ ಹೆಚ್ಚು ಉಳಿಯುವುದು ಹೊರಪದರದಲ್ಲೇ.

ನಮ್ಮನೆಯಲ್ಲಿ ಹತ್ತು ಪಾಲು ಜೋಳದ ಹಿಟ್ಟಿಗೆ ಒಂದು ಪಾಲು ಹುರಿದ ತೌಡು ಸೇರಿಸಿ ರೊಟ್ಟಿ ಬಡಿಯುತ್ತಾರೆ. ಬೆಲ್ಲ, ಶೇಂಗಾ ಕೂಡಿಸಿ ಉಂಡೆಯನ್ನೂ ಕಟ್ಟುತ್ತಾರೆ. ಉಳಿದದ್ದು ದನಗಳಿಗೆ. ಆದರೆ ಬರೀ ತೌಡು ಸುರಿಯಬೇಡಿ. ಅದರಲ್ಲಿ ರಂಜಕ ಜಾಸ್ತಿ, ಸುಣ್ಣದಂಶ ಕಮ್ಮಿ. ಹಿಂಡಿ, ಖನಿಜ ಮಿಶ್ರಣದ ಜೊತೆಗೆ ಕೊಡಿ.

ಎಣ್ಣೆ ಮಾತ್ರ ಮನೆಯಲ್ಲಿ ತೆಗೆಯುವ ಬಾಬತ್ತಲ್ಲ. ಅದಕ್ಕೆ ಹೆಕ್ಸೇನ್ ದ್ರಾವಕ ಬಳಸುವ ದೊಡ್ಡ ಕಾರ್ಖಾನೆಯೇ ಬೇಕು. ಅವರಿಗೂ ಬೇಕಾದದ್ದು ಹುಳಿಯದ ತೌಡೇ.

ವರ್ಷಕ್ಕೆ 10 ಕ್ವಿಂಟಲ್ ಭತ್ತ ಮಾಡಿಸುವ ಮನೆಗೆ 50ರಿಂದ 80 ಕಿಲೋ ತೌಡು ಆಗುತ್ತದೆ. ಈ ಸಲ ಗಿರಣಿಗೆ ಹೋಗುವಾಗ ತೌಡಿಗೂ ಒಂದು ಚೀಲ ಒಯ್ಯಿರಿ. ಮನೆಗೆ ಬಂದ ಕೂಡಲೇ ಒಲೆ ಹಚ್ಚಿರಿ.