ಭಾಷೆ ಮರೆಯಾದ ಮೇಲೆ ಉಳಿದ ಹಬ್ಬ

ಅಮೆರಿಕದ ಕಾನ್ಸಾಸ್ ರಾಜ್ಯದ ನಡುಭಾಗದಲ್ಲಿ, ಸ್ಮೋಕಿ ಹಿಲ್ ನದಿಯ ಕಣಿವೆಯಲ್ಲಿ, ಲಿಂಡ್ಸ್‌ಬೋರ್ಗ್ ಎಂಬ ಪುಟ್ಟ ಪಟ್ಟಣವಿದೆ. ಸುಮಾರು 3,800 ಜನರಿರುವ ಈ ಊರು ಎರಡು ವರ್ಷಗಳಿಗೊಮ್ಮೆ, ಬೆಸಸಂಖ್ಯೆಯ ವರ್ಷದ ಅಕ್ಟೋಬರ್ ತಿಂಗಳಲ್ಲಿ, ‘ಸ್ವೆನ್ಸ್ಕ್ ಹಿಲ್ನಿಂಗ್ಸ್‌ಫೆಸ್ಟ್’ ಎಂಬ ಉತ್ಸವವನ್ನು ಆಚರಿಸುತ್ತದೆ. ಸ್ವೀಡಿಷ್ ಭಾಷೆಯ ಈ ಹೆಸರಿಗೆ ‘ಸ್ವೀಡಿಷ್ ಗೌರವಾರ್ಪಣೆಯ ಹಬ್ಬ’ ಎಂದರ್ಥ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್ನಿನಿಂದ ಬಂದು ಇಲ್ಲಿ ನೆಲೆಸಿದ ವಲಸಿಗರನ್ನು ಸ್ಮರಿಸುವುದು ಇದರ ಉದ್ದೇಶ. ಹಬ್ಬದ ಹೆಸರು ಸ್ವೀಡಿಷ್. ಅದನ್ನು ಆಚರಿಸುವವರ ಮನೆಮಾತು ಇಂಗ್ಲಿಷ್. ಈ ಹಬ್ಬದ ಅಧ್ಯಯನಕ್ಕೆ ಈ ವೈರುಧ್ಯವೇ ಸೂಕ್ತವಾದ ಆರಂಭ.

1860ರ ದಶಕದ ಕೊನೆಯಲ್ಲಿ ಸ್ವೀಡನ್ನಿನಲ್ಲಿ ಬೆಳೆಗಳು ನಾಶವಾಗಿ ಕ್ಷಾಮ ತಲೆದೋರಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿ 1862ರ ಹೋಮ್‌ಸ್ಟೆಡ್ ಕಾಯಿದೆಯು, ಐದು ವರ್ಷ ನೆಲೆನಿಂತು ಸಾಗುವಳಿ ಮಾಡುವವರಿಗೆ 160 ಎಕರೆ ಭೂಮಿ ನೀಡುವ ಭರವಸೆ ಕೊಟ್ಟಿತ್ತು. ರೈಲ್ವೆ ಕಂಪನಿಗಳೂ ತಮ್ಮ ಪಾಲಿನ ಭೂಮಿಯನ್ನು ಮಾರುತ್ತಿದ್ದವು. ವೆರ್ಮ್‌ಲಾಂಡ್ ಪ್ರಾಂತ್ಯದ ಪಾದ್ರಿ ಓಲೋಫ್ ಓಲ್ಸನ್ ಅವರ ನೇತೃತ್ವದಲ್ಲಿ ಒಂದು ತಂಡ 1869ರಲ್ಲಿ ಈ ಕಣಿವೆಗೆ ಬಂದಿತು. ಹಸಿವು ಅವರನ್ನು ಹೊರಡಿಸಿದ ಕಾರಣಗಳಲ್ಲೊಂದು. ತಮ್ಮ ನಂಬಿಕೆಗೆ ಅನುಗುಣವಾದ ಧಾರ್ಮಿಕ ಸಮುದಾಯವೊಂದನ್ನು ಕಟ್ಟಬೇಕೆಂಬ ಹಂಬಲ ಇನ್ನೊಂದು. ಮರಗಳು ವಿರಳವಾಗಿದ್ದ ಆ ಬಯಲಿನಲ್ಲಿ ನೆಲವನ್ನು ಅಗೆದು ಮಾಡಿದ ಗುಡಿಸಲುಗಳೇ ಹಲವರಿಗೆ ಮೊದಲ ಮನೆಗಳಾದವು.

ಮೊದಲ ಎರಡು ತಲೆಮಾರುಗಳ ಕಾಲ ಇಲ್ಲಿ ಸ್ವೀಡಿಷ್ ಭಾಷೆ ಬದುಕಿದ್ದುದು ಹಬ್ಬದ ಬಲದಿಂದಲ್ಲ. ಚರ್ಚಿನ ಪ್ರಾರ್ಥನೆ, ಮನೆಯ ಮಾತು, ಹೊಲದ ಕೆಲಸ, ಪತ್ರಿಕೆಯ ಓದು ಎಲ್ಲವೂ ಅದೇ ಭಾಷೆಯಲ್ಲಿ ನಡೆಯುತ್ತಿದ್ದವು. 1881ರಲ್ಲಿ ಬೆಥನಿ ಕಾಲೇಜು ಆರಂಭವಾಯಿತು. ಅದರ ಮರುವರ್ಷವೇ ಶುರುವಾದ, ಹ್ಯಾಂಡೆಲ್ ರಚಿಸಿದ ‘ಮೆಸ್ಸಾಯ’ ಎಂಬ ಸಂಗೀತಕೃತಿಯ ಸಮೂಹಗಾಯನ ಇಂದಿಗೂ ಈಸ್ಟರ್ ಕಾಲದಲ್ಲಿ ನಡೆದುಬರುತ್ತಿದೆ. ಆದರೆ ಮೊದಲ ಮಹಾಯುದ್ಧದ ಸಮಯದಲ್ಲಿ ಇಂಗ್ಲಿಷೇತರ ಭಾಷೆಗಳನ್ನು ಆಡುವವರ ನಿಷ್ಠೆಯನ್ನೇ ಶಂಕಿಸುವ ವಾತಾವರಣ ಅಮೆರಿಕದಲ್ಲಿ ಬೆಳೆಯಿತು. ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಕಲಿತರು. ಚರ್ಚುಗಳು ಕ್ರಮೇಣ ಇಂಗ್ಲಿಷಿಗೆ ತಿರುಗಿದವು. ‘ಲಿಂಡ್ಸ್‌ಬೋರ್ಗ್ಸ್ ಪೋಸ್ಟೆನ್’ ಎಂಬ ಸ್ವೀಡಿಷ್ ಪತ್ರಿಕೆ 1930ರಲ್ಲಿ ನಿಂತಿತು.

ಹಬ್ಬ ಆರಂಭವಾದುದು 1941ರಲ್ಲಿ. ಈ ಕಾಲಕ್ರಮ ಅರ್ಥಪೂರ್ಣವಾದುದು. ಮೂಲ ವಲಸಿಗರ ತಲೆಮಾರು ಬಹುಮಟ್ಟಿಗೆ ಅಳಿದು, ಭಾಷೆ ನಿತ್ಯವ್ಯವಹಾರದಿಂದ ಹಿಂದೆ ಸರಿದ ಬಳಿಕವೇ ‘ನಾವು ಸ್ವೀಡಿಷರು’ ಎಂದು ಬಹಿರಂಗವಾಗಿ ಸಾರುವ ಅಗತ್ಯ ಊರಿಗೆ ಕಂಡಿತು. ಇಂದು ಹಬ್ಬದ ದಿನಗಳಲ್ಲಿ ಮುಖ್ಯಬೀದಿಯಲ್ಲಿ ಮೆರವಣಿಗೆ ಸಾಗುತ್ತದೆ. ಸ್ವೀಡನ್ನಿನ ವಿವಿಧ ಪ್ರಾಂತ್ಯಗಳ ಉಡುಪು ತೊಟ್ಟ ಪ್ರೌಢಶಾಲಾ ವಿದ್ಯಾರ್ಥಿಗಳು ಜನಪದ ನೃತ್ಯ ಮಾಡುತ್ತಾರೆ. ಉಪ್ಪಿನಲ್ಲಿ ಹಾಕಿಟ್ಟ ಹೆರಿಂಗ್ ಮೀನು, ಮಾಂಸದ ಉಂಡೆ, ಲಿಂಗನ್‌ಬೆರಿ ಹಣ್ಣಿನ ಪಾಕ ಮೊದಲಾದವುಗಳನ್ನು ಒಂದೇ ಮೇಜಿನ ಮೇಲೆ ಹರಡಿ ಬಡಿಸುವ ‘ಸ್ಮೋರ್ಗಸ್‌ಬೋರ್ಡ್’ ಭೋಜನವೂ ಇರುತ್ತದೆ.

ಊರಿನ ಲಾಂಛನವಾಗಿರುವ ‘ದಾಲಾ ಕುದುರೆ’ ವಿಶೇಷ ಗಮನಕ್ಕೆ ಅರ್ಹ. ಕೆಂಪು ಬಣ್ಣ ಬಳಿದು, ಹೂಬಳ್ಳಿಯ ಚಿತ್ತಾರ ಬರೆದ ಮರದ ಕುದುರೆಯಿದು. ಮನೆಬಾಗಿಲಿನ ಹೆಸರುಫಲಕಗಳೂ ಇಲ್ಲಿ ಕುದುರೆಯ ಆಕಾರ ತಾಳುತ್ತವೆ. ಆದರೆ ಇದು ಮೂಲತಃ ದಾಲಾರ್ನಾ ಪ್ರಾಂತ್ಯದ ಆಟಿಕೆ; ಓಲ್ಸನ್ ಅವರ ತಂಡ ಬಂದದ್ದು ವೆರ್ಮ್‌ಲಾಂಡಿನಿಂದ. 1939ರ ನ್ಯೂಯಾರ್ಕ್ ವಿಶ್ವಪ್ರದರ್ಶನದಲ್ಲಿ ಸ್ವೀಡನ್ ತನ್ನ ಮಂಟಪದ ಮುಂದೆ ಬೃಹತ್ ದಾಲಾ ಕುದುರೆಯೊಂದನ್ನು ನಿಲ್ಲಿಸಿದ ಮೇಲೆ ಅದು ಅಮೆರಿಕದಲ್ಲಿ ಇಡೀ ಸ್ವೀಡನ್ನಿನ ಸಂಕೇತವಾಗಿ ಪ್ರಸಿದ್ಧವಾಯಿತು. ಹೀಗೆ ಪ್ರಾಂತ್ಯದ ನೆನಪು ಹಿಂದೆ ಸರಿದು, ರಾಷ್ಟ್ರದ ಚಿಹ್ನೆ ಆ ಸ್ಥಾನವನ್ನು ಪಡೆಯಿತು.

ಜಾನಪದ ವಿದ್ವಾಂಸ ಲ್ಯಾರಿ ಡೇನಿಯಲ್ಸನ್ 1972ರ ತಮ್ಮ ಸಂಶೋಧನಾ ಪ್ರಬಂಧದಲ್ಲಿ ಈ ಊರಿನ ಹಬ್ಬವನ್ನು ಸಾಂಸ್ಕೃತಿಕ ಪುನರುಜ್ಜೀವನದ ದೃಷ್ಟಿಯಿಂದ ಪರಿಶೀಲಿಸಿದರು. ಮುರಿಯದೆ ನಡೆದುಬಂದ ಸಂಪ್ರದಾಯ ಒಂದು ಬಗೆ. ಮುರಿದುದನ್ನು ಆರಿಸಿ, ಜೋಡಿಸಿ, ಮತ್ತೆ ಕಟ್ಟಿದ ಸಂಪ್ರದಾಯ ಇನ್ನೊಂದು ಬಗೆ. ಎರಡನೆಯದನ್ನು ಹುಸಿಯೆಂದು ತಳ್ಳಿಹಾಕಲಾಗದು. ಸ್ವೀಡಿಷ್ ಮೂಲದವರಲ್ಲದ ಮಕ್ಕಳೂ ಆ ಉಡುಪು ತೊಟ್ಟು ಕುಣಿಯುವಾಗ ವಂಶದ ಪರಂಪರೆ ಊರಿನ ಪರಂಪರೆಯಾಗುತ್ತದೆ. ಬಿಟ್ಟುಬಂದ ನಾಡೂ ಇದನ್ನು ಮನ್ನಿಸಿದೆ: 1904ರ ಸೇಂಟ್ ಲೂಯಿಸ್ ವಿಶ್ವಪ್ರದರ್ಶನಕ್ಕೆ ಸ್ವೀಡನ್ ಕಟ್ಟಿಸಿದ್ದ ಮಂಟಪ ಅನಂತರ ಲಿಂಡ್ಸ್‌ಬೋರ್ಗಿಗೆ ಬಂದಿತು, 1976ರಲ್ಲಿ ದೊರೆ ಹದಿನಾರನೆಯ ಕಾರ್ಲ್ ಗುಸ್ತಾಫ್ ಈ ಊರಿಗೆ ಭೇಟಿ ನೀಡಿದರು.

ಆದರೂ ಪ್ರತಿಯೊಂದು ಸ್ಮರಣೆಯ ಬದಿಯಲ್ಲೂ ಒಂದು ವಿಸ್ಮರಣೆ ಇರುತ್ತದೆ. ‘ಮೊದಲು ಬಂದವರು’ ಎಂಬ ಬಿರುದನ್ನು ವಲಸಿಗರಿಗೆ ಕೊಟ್ಟಾಗ, ಅವರಿಗಿಂತ ಮುಂಚೆ ಆ ಬಯಲನ್ನು ಬಲ್ಲವರು ಕಣ್ಮರೆಯಾಗುತ್ತಾರೆ. ಕಾನ್ಸಾಸ್ ಎಂಬ ಹೆಸರು ಬಂದುದೇ ಅಲ್ಲಿನ ಮೂಲನಿವಾಸಿಗಳಾದ ಕಾನ್ಸಾ ಜನರಿಂದ. ಲಿಂಡ್ಸ್‌ಬೋರ್ಗ್ ಹುಟ್ಟಿದ ನಾಲ್ಕೇ ವರ್ಷಗಳಲ್ಲಿ, 1873ರಲ್ಲಿ, ಅವರನ್ನು ಆ ರಾಜ್ಯದಿಂದ ಇಂದಿನ ಓಕ್ಲಹೋಮಾಕ್ಕೆ ಸಾಗಹಾಕಲಾಯಿತು.

ಲಿಂಡ್ಸ್‌ಬೋರ್ಗಿನ ಹಬ್ಬ ಊರನ್ನು ಒಂದುಗೂಡಿಸಿದೆ, ಹಿರಿಯರ ಹೆಸರನ್ನು ಉಳಿಸಿದೆ, ಪ್ರವಾಸಿಗರನ್ನು ಕರೆತಂದಿದೆ. ಭಾಷೆಯನ್ನು ಮಾತ್ರ ಅದು ಮರಳಿ ತರಲಿಲ್ಲ. ಭಾಷೆಗೆ ಬೇಕಾದುದು ಎರಡು ವರ್ಷಗಳಿಗೊಮ್ಮೆ ಬರುವ ಸಂಭ್ರಮವಲ್ಲ, ಪ್ರತಿದಿನದ ಬಳಕೆ. ಅದನ್ನು ಒದಗಿಸಿದ್ದ ಮನೆ, ಚರ್ಚು, ಪತ್ರಿಕೆಗಳು ಒಂದೊಂದಾಗಿ ಇಂಗ್ಲಿಷಿಗೆ ದಾರಿ ಬಿಟ್ಟುಕೊಟ್ಟಿದ್ದವು. ಉಡುಪು, ಅಡುಗೆ, ಕುಣಿತಗಳನ್ನು ಮತ್ತೆ ಕಲಿಯಲು ಒಂದು ಋತು ಸಾಕು. ಮಾತು ಮಗುವಿಗೆ ತೊಟ್ಟಿಲಿನಲ್ಲೇ ದಕ್ಕಬೇಕು.