ಚೆಕ್‌ಪೋಸ್ಟ್ ದಾಟದ ಕಬ್ಬಿಣ

ಹಿಂದೂಪುರದಿಂದ ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವವರಿಗೆ ರಾಜ್ಯದ ಗಡಿ ಮತ್ತೆ ಮತ್ತೆ ಎದುರಾಗುತ್ತದೆ. ಊಟ ಮಾತ್ರ ಬದಲಾಗುವುದಿಲ್ಲ. ಕನ್ನಡದವರ ಮನೆಯಲ್ಲಿ ಮುದ್ದೆ, ತೆಲುಗಿನವರ ಮನೆಯಲ್ಲಿ ಸಂಗಟಿ; ಜೊತೆಗೆ ಹುರುಳಿ ಸಾರೋ ಸೊಪ್ಪಿನ ಸಾರೋ, ನಂಚಿಕೊಳ್ಳಲು ಕಡ್ಲೆಕಾಯಿಯ ಊರುಬಿಂಡಿ. ಈ ಊಟದಲ್ಲಿ ಕಬ್ಬಿಣ ಇಲ್ಲವೆನ್ನುವಂತಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಆಹಾರ ಕೋಷ್ಟಕವನ್ನು ನೋಡಿದರೆ 100 ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣವಿದೆ, ಹುರುಳಿಯಲ್ಲಿ 8ಕ್ಕೂ ಹೆಚ್ಚು, ಕಡ್ಲೆಕಾಯಿ ಬೀಜದಲ್ಲಿ 3ರ ಮೇಲೆ, ನುಗ್ಗೆ ಸೊಪ್ಪಿನಲ್ಲಿ 4ರ ಮೇಲೆ. ದಿನಕ್ಕೆ 200 ಗ್ರಾಂ ರಾಗಿಹಿಟ್ಟು, ಒಂದು ಹಿಡಿ ಹುರುಳಿ, ಒಂದಿಷ್ಟು ಬೀಜ, ಒಂದಿಷ್ಟು ಸೊಪ್ಪು ಎಂದು ಲೆಕ್ಕ ಹಾಕಿದರೆ ಹದಿನೈದು ಮಿಲಿಗ್ರಾಂ ದಾಟುತ್ತದೆ. ಮುಟ್ಟಾಗುವ ವಯಸ್ಸಿನ ಹೆಂಗಸಿನ ದೇಹ ದಿನಕ್ಕೆ ಕಳೆದುಕೊಳ್ಳುವುದು ಸರಾಸರಿ ಒಂದೂವರೆ ಮಿಲಿಗ್ರಾಂ ಆಸುಪಾಸು, ಗಂಡಸಿನದು ಒಂದು. ಬೇಕಾದದ್ದರ ಹತ್ತು ಪಟ್ಟು ತಟ್ಟೆಯಲ್ಲೇ ಇದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆಂಧ್ರಪ್ರದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 58.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಯಾವುದರಲ್ಲಿ ಎಷ್ಟು ಕಬ್ಬಿಣವಿದೆ ಎಂಬ ಪಟ್ಟಿಯನ್ನು ಅಡುಗೆಮನೆ ಗೋಡೆಗೆ ಅಂಟಿಸಿಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ತಿಂದದ್ದರಲ್ಲಿ ಎಷ್ಟು ಒಳಗೆ ಹೋಗುತ್ತದೆ, ಅದನ್ನು ತಡೆಯುವವರು ಯಾರು, ಬಿಡಿಸುವವರು ಯಾರು ಎಂದು ಕೇಳಬೇಕು.

ಜಠರ ದಾಟಿದ ಕೂಡಲೇ ಸಿಗುವ ಸಣ್ಣಕರುಳಿನ ಮೊದಲ ಭಾಗ ಡ್ಯುಯೊಡಿನಮ್. ಗೇಣುದ್ದಕ್ಕಿಂತ ಸ್ವಲ್ಪ ಉದ್ದದ ಈ ಕೊಳವೆಯೇ ಕಬ್ಬಿಣದ ಚೆಕ್‌ಪೋಸ್ಟ್. ಇಲ್ಲಿನ ತಪಾಸಣೆ ಬಿಗಿಯಾಗಿರುವುದಕ್ಕೆ ಕಾರಣವಿದೆ. ದೇಹಕ್ಕೆ ಹೆಚ್ಚಾದ ಉಪ್ಪನ್ನು ಮೂತ್ರದಲ್ಲಿ ಹೊರಹಾಕಲು ಬರುತ್ತದೆ. ಹೆಚ್ಚಾದ ಕಬ್ಬಿಣವನ್ನು ಹಾಗೆ ಹೊರಹಾಕುವ ದಾರಿಯೇ ಇಲ್ಲ. ಒಳಗೆ ಬಂದದ್ದು ಒಳಗೇ ಉಳಿದು ಯಕೃತ್ತು, ಹೃದಯಗಳನ್ನು ಹಾಳುಮಾಡಬಲ್ಲದು. ವಯಸ್ಕರ ಮೈಯಲ್ಲಿರುವ ಕಬ್ಬಿಣ ಒಟ್ಟು ಮೂರ್ನಾಲ್ಕು ಗ್ರಾಂ ಅಷ್ಟೇ. 120 ದಿನ ಬದುಕಿ ಸಾಯುವ ಕೆಂಪು ರಕ್ತಕಣಗಳಿಂದ ದೇಹ ಅದನ್ನೇ ಬಿಡಿಸಿ ಬಿಡಿಸಿ ಮತ್ತೆ ಬಳಸುತ್ತದೆ. ಹೊಸದಾಗಿ ಎಷ್ಟು ಬೇಕು ಎನ್ನುವುದನ್ನು ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನಿನ ಮೂಲಕ ತಿಳಿಸುತ್ತದೆ. ಸಂಗ್ರಹ ತುಂಬಿದ್ದರೆ ಹೆಪ್ಸಿಡಿನ್ ಏರುತ್ತದೆ, ಕರುಳಿನ ಕೋಶದಿಂದ ರಕ್ತಕ್ಕೆ ಕಬ್ಬಿಣ ಬಿಡುವ ಫೆರೊಪೋರ್ಟಿನ್ ಎಂಬ ಬಾಗಿಲು ಮುಚ್ಚುತ್ತದೆ. ಕೋಶದೊಳಗೆ ಸಿಕ್ಕಿಬಿದ್ದ ಕಬ್ಬಿಣ, ಕೆಲವೇ ದಿನಗಳಲ್ಲಿ ಆ ಕೋಶ ಉದುರಿದಾಗ ಅದರ ಜೊತೆ ಮಲಕ್ಕೆ ಸೇರುತ್ತದೆ. ಸಂಗ್ರಹ ಬರಿದಾಗಿದ್ದರೆ ಇದೆಲ್ಲ ತಿರುಗುಮುರುಗು.

ಮಾಂಸದ ಕಬ್ಬಿಣದಲ್ಲಿ ಒಂದು ಪಾಲು ಹೀಮ್ ಎಂಬ ಅಣುವಿನೊಳಗೆ ಕೂತಿರುವುದರಿಂದ ಹೆಚ್ಚು ತಂಟೆಯಿಲ್ಲದೆ ಒಳಗೆ ಹೋಗುತ್ತದೆ. ಕಾಳು, ಸೊಪ್ಪಿನ ಕಬ್ಬಿಣಕ್ಕೆ ಆ ಅನುಕೂಲವಿಲ್ಲ. ಅದು ಬಹುಪಾಲು ಫೆರಿಕ್ ರೂಪದಲ್ಲಿರುತ್ತದೆ. ಫೆರಸ್ ರೂಪಕ್ಕೆ ಇಳಿದ ಮೇಲೆ ಮಾತ್ರ ಕರುಳಿನ ಕೋಶ ಅದನ್ನು ಎಳೆದುಕೊಳ್ಳುತ್ತದೆ. ಅಷ್ಟರೊಳಗೆ ಇನ್ಯಾವುದೋ ಅಣು ಅದನ್ನು ಹಿಡಿದುಬಿಟ್ಟರೆ ಕಥೆ ಮುಗಿಯಿತು. ರಾಗಿ, ಹುರುಳಿ, ಕಡ್ಲೆಕಾಯಿಗಳಲ್ಲಿ ಹಾಗೆ ಹಿಡಿಯುವ ಮುಖ್ಯ ಅಣು ಫೈಟಿಕ್ ಆಮ್ಲ. ಬೀಜ ಇದನ್ನು ನಮ್ಮನ್ನು ಕಾಡಲೆಂದು ಕೂಡಿಟ್ಟಿದ್ದಲ್ಲ. ಮುಂದೆ ಮೊಳಕೆಗೆ ಬೇಕಾಗುವ ರಂಜಕವನ್ನು ಈ ರೂಪದಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಇದರ ಒಂದು ಅಣುವಿಗೆ ಆರು ಫಾಸ್ಫೇಟ್ ಗುಂಪುಗಳಿದ್ದು, ಕಬ್ಬಿಣ, ಸತು ಯಾವುದು ಸಿಕ್ಕರೂ ಕಚ್ಚಿಕೊಳ್ಳುತ್ತವೆ. ಕಂದು ರಾಗಿಯಲ್ಲಿ ಇದರ ಜೊತೆಗೆ, ಕಬ್ಬಿಣವನ್ನು ಹೀಗೆಯೇ ಹಿಡಿಯುವ ಟ್ಯಾನಿನ್ ಸಹ ಇದೆ. ಪೋಷಣಾ ಸಂಸ್ಥೆಯ ವಿಜ್ಞಾನಿಗಳು 1988ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಳಿ ರಾಗಿಯನ್ನೂ ಬಣ್ಣದ ರಾಗಿಯನ್ನೂ ಹೋಲಿಸಿ, ಟ್ಯಾನಿನ್ ತೆಗೆದರೆ ದೇಹಕ್ಕೆ ದಕ್ಕಬಲ್ಲ ಕಬ್ಬಿಣದ ಪಾಲು ಏರುವುದನ್ನು ತೋರಿಸಿದ್ದರು. ಬೀಜವೇ ಬೀಗ ಹಾಕಿದ ಮೇಲೆ ಬೀಗದ ಕೈಯೂ ಅದರ ಹತ್ತಿರವೇ ಇರಬೇಕಲ್ಲ. ನೆನೆಸಿ ಮೊಳಕೆ ಬರಿಸಿದಾಗ ಫೈಟೇಸ್ ಕಿಣ್ವ ಎಚ್ಚೆತ್ತು ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಹುರುಳಿ ಮೊಳಕೆ ಕಟ್ಟುವುದು, ರಾಗಿಯನ್ನು ಮೊಳಕೆ ಬರಿಸಿ ಒಣಗಿಸಿ ಬೀಸುವುದು, ಅಂಬಲಿಯನ್ನು ಹುಳಿಯಲು ಬಿಡುವುದು ಇವೆಲ್ಲ ಬರೀ ರುಚಿಯ ಮಾತಲ್ಲ.

ಎರಡನೆಯ ತಡೆ ಊಟದ ಬೆನ್ನಿಗೇ ಬರುವ, ಟ್ಯಾನಿನ್ ತುಂಬಿದ ಟೀ. ಹಿಂದೂಪುರಕ್ಕೆ ನೂರು ಕಿಲೋಮೀಟರ್ ಆಸುಪಾಸಿನಲ್ಲಿರುವ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಯುವತಿಯರಿಗೆ ಗುರುತು ಹಚ್ಚಿದ ಕಬ್ಬಿಣ ಬೆರೆಸಿದ ಅನ್ನದ ಊಟ ಕೊಟ್ಟು ಅಳೆದರು. ರಕ್ತಹೀನತೆ ಇಲ್ಲದವರಲ್ಲಿ ಶೇಕಡ 7ರ ಸುಮಾರು, ಇದ್ದವರಲ್ಲಿ 17ರ ಸುಮಾರು ಕಬ್ಬಿಣ ಒಳಗೆ ಹೋಯಿತು. ದೇಹಕ್ಕೆ ಕೊರತೆ ಗೊತ್ತಾಗಿದೆ, ಬಾಗಿಲನ್ನು ಅಗಲ ತೆರೆದಿದೆ. ಆದರೆ ಊಟದ ಜೊತೆ ಒಂದು ಲೋಟ ಟೀ ಕುಡಿದಾಗ ಎರಡೂ ಗುಂಪಿನಲ್ಲಿ ಈ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು. ಎರಡು ಲೋಟಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ ಉಳಿಯಿತು. ಟೀ ಬಿಡಿ ಎಂದು ಈ ಸೀಮೆಯಲ್ಲಿ ಹೇಳಿದರೆ ಕೇಳುವವರು ಯಾರೂ ಇಲ್ಲ, ಹೇಳಬೇಕಾಗಿಯೂ ಇಲ್ಲ. ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಟ್ಟರೆ ಹೊಡೆತ ಬಹಳ ತಗ್ಗುತ್ತದೆ.

ಅದೇ ಅಧ್ಯಯನದಲ್ಲಿ ವಿಟಮಿನ್ ಸಿ ಬೆರೆಸಿದಾಗ ಹೀರಿಕೆ ಮೂರು ಪಟ್ಟಿನ ಸಮೀಪಕ್ಕೆ ಏರಿತು. ಫೆರಿಕ್ಕನ್ನು ಫೆರಸ್ಸಿಗೆ ಇಳಿಸುವುದೂ, ಫೈಟಿಕ್ ಆಮ್ಲದ ಕೈಗೆ ಸಿಗದಂತೆ ಹಿಡಿದುಕೊಳ್ಳುವುದೂ ಅದರ ಎರಡು ಕೆಲಸ. ಅದಕ್ಕೇ ನಿಂಬೆಹಣ್ಣು ಹಿಂಡಿ ಎಂಬ ಸಲಹೆ ಎಲ್ಲ ಕಡೆ ಕೇಳುತ್ತದೆ. ಪ್ರಮಾಣ ಮಾತ್ರ ಯಾರೂ ಹೇಳುವುದಿಲ್ಲ. ಆ ಫಲ ಸಿಗಬೇಕಾದರೆ ಕಬ್ಬಿಣದ ತೂಕಕ್ಕೆ ಆರು ಪಟ್ಟಿಗೂ ಹೆಚ್ಚು ವಿಟಮಿನ್ ಬೇಕು. ಐದು ಮಿಲಿಗ್ರಾಂ ಕಬ್ಬಿಣವಿರುವ ಊಟಕ್ಕೆ ಅದು ಮೂವತ್ತು ಮಿಲಿಗ್ರಾಂಗೂ ಹೆಚ್ಚು. ಒಂದು ನಿಂಬೆಹಣ್ಣಿನ ರಸದಲ್ಲಿ ಅದರ ಅರ್ಧವೂ ಸಿಕ್ಕರೆ ಹೆಚ್ಚು. ಕುದಿಯುವ ಸಾರಿಗೆ ಹಿಂಡಿದರೆ ಇನ್ನೂ ಕಡಿಮೆ. ಅರ್ಧ ಸೀಬೆಹಣ್ಣಿನಲ್ಲಿ ನೂರರ ಮೇಲಿರುತ್ತದೆ. ಪೋಷಣಾ ಸಂಸ್ಥೆಯವರು ಹದಿಹರೆಯದವರ ಅನ್ನದೂಟಕ್ಕೆ ಸೀಬೆ ಸೇರಿಸಿ ನೋಡಿದಾಗ ಹೀರಿಕೆ ಎರಡು ಪಟ್ಟು ದಾಟಿದ್ದು 2013ರಲ್ಲಿ ವರದಿಯಾಯಿತು. ನೆಲ್ಲಿಕಾಯಿಯೂ ಅದೇ ದರ್ಜೆಯದು. ಹಿಂದೂಪುರದ ಮಾರುಕಟ್ಟೆಗೆ ಹೆಸರು ತಂದ ಹುಣಸೆಯಲ್ಲಿ ಹುಳಿ ಇದೆಯೇ ಹೊರತು ಈ ವಿಟಮಿನ್ ಹೆಚ್ಚಿಲ್ಲ. ಅದರ ಉಪಯೋಗ ಬೇರೆ: ಹುಣಸೆ ಹುಳಿಯ ಸಾರನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಬಾಣಲೆಯ ಕಬ್ಬಿಣವೇ ಸ್ವಲ್ಪ ಕರಗಿ ಸಾರಿಗೆ ಇಳಿಯುತ್ತದೆ.

ಒಂದೇ ಊಟದ ಪ್ರಯೋಗಗಳನ್ನು ನಂಬಿ ಹೀಗೆಲ್ಲ ಹೇಳಬಹುದೇ ಎನ್ನುವುದು ನ್ಯಾಯವಾದ ಆಕ್ಷೇಪ. ಅಮೆರಿಕದಲ್ಲಿ ದಿನವಿಡೀ ತಿಂದ ಬಗೆಬಗೆಯ ಆಹಾರವನ್ನು ಲೆಕ್ಕಕ್ಕೆ ಹಿಡಿದಾಗ ವಿಟಮಿನ್ ಸಿಯ ಪರಿಣಾಮ ಒಂದೂಟದಲ್ಲಿ ಕಂಡಷ್ಟು ದೊಡ್ಡದಿರಲಿಲ್ಲ. ಆದರೆ ಅಲ್ಲಿನ ತಟ್ಟೆಯಲ್ಲಿ ಮಾಂಸವಿತ್ತು, ತಡೆಯುವ ಅಣುಗಳು ಕಡಿಮೆ ಇದ್ದವು. ಬೆಳಿಗ್ಗೆ, ರಾತ್ರಿ ಎರಡು ಹೊತ್ತೂ ಮುದ್ದೆ, ಕಾಳು ತಿನ್ನುವವರಿಗೆ ಆ ಫಲಿತಾಂಶವನ್ನು ಹಾಗೇ ತಂದು ಅಂಟಿಸಲಾಗದು. ಹಾಗಾದರೆ ಮಾಂಸ ತಿಂದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಆಂಧ್ರದಲ್ಲಿ ಪೂರಾ ಸಸ್ಯಾಹಾರಿಗಳು ಬಹಳ ಕಡಿಮೆ. ಆದರೂ ರಕ್ತಹೀನತೆಯ ಅಂಕಿ ಮೇಲೆ ಹೇಳಿದ್ದೇ. ಭಾನುವಾರದ ಕೋಳಿ ಸಾರು ಉಳಿದ ಆರು ದಿನದ ಮುದ್ದೆಗೆ ಜಾಮೀನಾಗುವುದಿಲ್ಲ, ಹಾಗಾಗಿ ಈ ಲೆಕ್ಕ ಅವರಿಗೂ ಬೇಕು. ಬೆಲ್ಲದ ಮೇಲಿನ ಭರವಸೆಯೂ ಸ್ವಲ್ಪ ಅತಿಯಾದದ್ದೇ. ಬೆಲ್ಲದ ಕಬ್ಬಿಣ ಅದನ್ನು ಕಾಯಿಸಿದ ಕೊಪ್ಪರಿಗೆಯ ಮೇಲೆ ಬಹಳ ಹೆಚ್ಚುಕಡಿಮೆಯಾಗುತ್ತದೆ, ಒಂದು ತುಂಡಿನಿಂದ ಬರುವುದು ಅರ್ಧ ಮಿಲಿಗ್ರಾಂ ಆದರೆ ಹೆಚ್ಚು. ಆಂಧ್ರದ ಸರ್ಕಾರಿ ಶಾಲೆಗಳಲ್ಲಿ 2023ರ ಮಾರ್ಚ್‌ನಲ್ಲಿ ಬೆಲ್ಲ ಹಾಕಿದ ರಾಗಿ ಜಾವ ಕೊಡಲು ಶುರುಮಾಡಿದರು. ಕ್ಯಾಲ್ಸಿಯಮ್ಮಿಗೆ ಅದು ಒಳ್ಳೆಯ ತೀರ್ಮಾನ. ಕಬ್ಬಿಣಕ್ಕೂ ಅದೇ ಜಾವ ಒದಗಬೇಕಾದರೆ ಹಿಟ್ಟು ಮೊಳಕೆ ರಾಗಿಯದಾಗಿರಬೇಕು, ಜೊತೆಗೆ ಒಂದು ಹೋಳು ಸೀಬೆಯೋ ಒಂದು ನೆಲ್ಲಿಕಾಯಿಯೋ ಇರಬೇಕು.

ಇದೆಲ್ಲ ಕೊರತೆ ಬಾರದಂತೆ ನೋಡಿಕೊಳ್ಳುವ ಲೆಕ್ಕ. ಈಗಾಗಲೇ ಹಿಮೋಗ್ಲೋಬಿನ್ ಕುಸಿದಿರುವವರಿಗೆ, ಗರ್ಭಿಣಿಯರಿಗೆ ಸೀಬೆಹಣ್ಣು ಸಾಲದು. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ, ನಾಲ್ಕು ದಿನದ ಊಟದ ಕಬ್ಬಿಣಕ್ಕೆ ಸಮ. ಮಾತ್ರೆಯಿಂದಲೂ ಏರದಿದ್ದರೆ ಕಾರಣ ಬಿ12 ಕೊರತೆಯೋ, ಕೊಕ್ಕೆಹುಳುವೋ, ಥಲಸೀಮಿಯಾವೋ ಇರಬಹುದು. ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. ಆ ಮಾತ್ರೆಯೂ ಹೋಗುವುದು ಅದೇ ಡ್ಯುಯೊಡಿನಮ್ಮಿನ ಮೂಲಕ, ಆದ್ದರಿಂದ ಅದನ್ನು ಟೀ ಜೊತೆಗಾಗಲಿ ಹಾಲಿನ ಜೊತೆಗಾಗಲಿ ನುಂಗಬಾರದು.