ಕೀಲು ಎಲ್ಲೈತಿ, ಮಾಮಾ?

ಇಂಡಿಯ ನಮ್ಮಕ್ಕನ ಅಡುಗೆಮನೆಯಲ್ಲಿ ಮೊನ್ನೆ ನನಗೊಂದು ಯಂತ್ರ ಸಿಕ್ಕಿತು! ಅದಕ್ಕೆ ಕರೆಂಟು ಬೇಡ, ಎಣ್ಣೆ ಬೇಡ, ಸದ್ದಂತೂ ಇಲ್ಲವೇ ಇಲ್ಲ. ವರ್ಷಗಟ್ಟಲೆ ಅದೇ ಮೊಳೆಗೆ ತೂಗುಬಿದ್ದಿತ್ತು, ದಿನಾ ಬಳಸುತ್ತಿದ್ದೆವು, ಒಬ್ಬರೂ ನೋಡಿರಲಿಲ್ಲ. ನಿಂಬೆಹಣ್ಣು ಹಿಂಡುವ ಇಕ್ಕಳ!

ಇಂಡಿ ಎಂದರೆ ನಿಂಬೆಗೆ ಹೆಸರಾದ ಊರು. ಬುಟ್ಟಿಯಿಂದ ಒಂದನ್ನೆತ್ತಿ ಹೋಳು ಮಾಡಿ ಅಕ್ಕನ ಮಗಳ ಕೈಗೆ ಕೊಟ್ಟೆ. ಐದು ವರ್ಷದ ಮುಷ್ಟಿ. ಮುಖ ಕೆಂಪಾಗುವಷ್ಟು ಹಿಂಡಿದಳು, ಬಿದ್ದದ್ದು ಎರಡೇ ಹನಿ. ಇಕ್ಕಳದಲ್ಲಿಟ್ಟು ಕೀಲಿನ ಪಕ್ಕದಲ್ಲೇ ಹಿಡಿದು ಒತ್ತಿದಳು. ಊಹೂಂ. "ಕೈ ಹಿಂದಕ್ಕ ಸರಸವ್ವಾ, ತುದೀಗೆ ಹಿಡಿ" ಅಂದೆ. ಚಿರ್ರ್! ರಸ ಹಾರಿ ನೇರ ನನ್ನ ಕಣ್ಣಿಗೇ ಬಂತು. ಉರಿಯಲ್ಲೂ ಅವಳ ಕೂಗು ಕೇಳಿಸಿತು: "ಮಾಮಾ, ನನಗ ಶಕ್ತಿ ಬಂತು!"

ಎಲ್ಲಿಂದ ಬಂತು? ಕೀಲಿನಿಂದ ಹಣ್ಣಿಗೆ 3 ಸೆಂಟಿಮೀಟರ್, ಬೆರಳಿಗೆ 15. ಅವಳು ಹಾಕಿದ ಬಲ ಹೆಚ್ಚುಕಡಿಮೆ ಐದು ಪಟ್ಟಾಗಿ ಹಣ್ಣಿನ ಮೇಲೆ ಬಿದ್ದಿತ್ತು! ಪುಕ್ಕಟೆ ಅಲ್ಲ ಮತ್ತೆ, ಹಣ್ಣು ಕುಗ್ಗಿದ್ದರ ಐದು ಪಟ್ಟು ದೂರ ಬೆರಳು ಸರಿದಿತ್ತು. ಆರ್ಕಿಮಿಡೀಸ್ ಸುಮಾರು 2200 ವರ್ಷಗಳ ಹಿಂದೆ ವಿವರಿಸಿದ ಸನ್ನೆಯ ಲೆಕ್ಕ ನಮ್ಮ ಶರಬತ್ತಿನ ಪಾತೇಲಿಯೊಳಗೆ!

ಅಲ್ಲಿಂದ ಹಿಡಿಯಿತು ನೋಡಿ ಹುಚ್ಚು. ಸನ್ನೆ, ರಾಟೆ, ಇಳಿಜಾರು ಅಂತ ಹೆಸರು ಬಾಯಿಪಾಠ ಮಾಡಿಸಲು ನನಗೆ ಮನಸ್ಸಾಗಲಿಲ್ಲ. ಅವು ಮುಂದೆ ಹೇಗೂ ಬರುತ್ತವೆ. ಕೀಲು ಹುಡುಕು ಅಂದೆ, ಅಷ್ಟೇ. ಆಯಿಯ ಅಡಕೊತ್ತಿನಲ್ಲಿ ಸಿಕ್ಕಿತು. ಕತ್ತರಿಯಲ್ಲಿ ಸಿಕ್ಕಿತು, ಅದೂ ನಟ್ಟನಡುವೆ! ಹಿತ್ತಲಲ್ಲಿ ಹಾರೆ ಹಾಕಿ ಕಲ್ಲೆಬ್ಬಿಸುತ್ತಿದ್ದರು. ಹಾರೆಗೆ ಕೀಲೇ ಇಲ್ಲ ಎಂದು ವಾದಕ್ಕೆ ನಿಂತವಳು, ಅದರಡಿಗೆ ಒತ್ತುಕೊಟ್ಟ ಸಣ್ಣ ಕಲ್ಲನ್ನು ಕಂಡು ಗಪ್ಪಾದಳು.

ಹುಡುಕಾಟ ಊರಾಚೆಗೂ ಹೊರಟಿತು. ಸಿಂದಗಿ ಬಜಾರಿನಲ್ಲಿ ಎಣ್ಣೆ ಬ್ಯಾರಲ್ಲೊಂದು ಹಲಗೆಯ ಮೇಲೆ ಉರುಳುತ್ತಾ ಟೆಂಪೋ ಏರುತ್ತಿತ್ತು. ಎತ್ತರ ಒಂದು ಮೀಟರ್, ಹಲಗೆ ಮೂರು ಮೀಟರ್. ತಿಕ್ಕಾಟ ಬಿಟ್ಟರೆ ನೂಕುವ ಬಲ ಮೂರನೇ ಒಂದು ಪಾಲು! ಕೀಲಿಲ್ಲದ ಯಂತ್ರವೂ ಇದೆಯೇ ಎಂದು ಹುಡುಗಿಗೆ ಸ್ವಲ್ಪ ಬೇಜಾರೇ ಆಯಿತು.

ಮುದ್ದೇಬಿಹಾಳದ ಕಡೆ ಒಂದು ಬಾವಿಯ ಗಡಗಡಿ ನನಗೇ ಪಾಠ ಕಲಿಸಿತು. ಗಡಗಡಿಯಿಂದ ಕೊಡ ಹಗುರಾಗುತ್ತದೆ ಎಂದೇ ಇಷ್ಟು ದಿನ ನಂಬಿದ್ದೆ. ಇಲ್ಲ! ಹತ್ತು ಕೆಜಿ ಕೊಡಕ್ಕೆ ಹತ್ತು ಕೆಜಿಯನ್ನೇ ಜಗ್ಗಬೇಕು, ತಿಕ್ಕಾಟಕ್ಕೆ ತುಸು ಮೇಲೇ. ಬದಲಾಗುವುದು ದಿಕ್ಕು ಮಾತ್ರ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಜಗ್ಗುತ್ತೇವೆ, ನಮ್ಮ ಮೈಭಾರವೇ ನಮಗೆ ನೆರವಾಗುತ್ತದೆ. (ಅವಳ ರಟ್ಟೆ ನನ್ನ ಕೈಯಲ್ಲೇ ಇತ್ತು, ಬಾವಿಯ ಹತ್ತಿರ ವಿಜ್ಞಾನ ಆಮೇಲೆ.)

ಬಸವನ ಬಾಗೇವಾಡಿಯಲ್ಲಿ ಮೈ ಜುಮ್ಮೆಂದಿತು. ಬಸವಣ್ಣನ ಈ ಊರಲ್ಲಿ ನಿಂತು ಶರಣರ ಹೆಸರುಗಳನ್ನು ನೆನೆಯಿರಿ: ಕದಿರ ರೆಮ್ಮವ್ವೆ, ಅಂಬಿಗರ ಚೌಡಯ್ಯ. ಕದಿರು ತಿರುಗುವ ಅಚ್ಚಲ್ಲವೇ, ದೋಣಿಯ ಹುಟ್ಟು ಸನ್ನೆಯಲ್ಲವೇ! 12ನೇ ಶತಮಾನದಲ್ಲಿ ಹೆಸರಿನ ಹಿಂದೆಯೇ ಯಂತ್ರ ಇಟ್ಟುಕೊಂಡು ಓಡಾಡಿದವರು!

ಸಂಜೆ ಆಲಮಟ್ಟಿ. 26 ಗೇಟುಗಳ ಸಾಲು, ಕೆಲವು ಮೇಲೆದ್ದಿದ್ದವು, ಕೆಳಗೆ ಕೃಷ್ಣೆಯ ಬೆಳ್ಳನೆ ನೊರೆ. ಕಮಾನಿನಂತೆ ಬಾಗಿದ ಈ ಉಕ್ಕಿನ ಬಾಗಿಲುಗಳು ನೆಟ್ಟಗೆ ಮೇಲೇಳುವುದಿಲ್ಲ, ತಿರುಗುತ್ತಾ ಏಳುತ್ತವೆ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಅಂಗಿ ಜಗ್ಗಿದಳು.

"ಮಾಮಾ, ಇದರ ಕೀಲು ಎಲ್ಲೈತಿ?"

ಹೆಗಲ ಮೇಲೆ ಕೂರಿಸಿಕೊಂಡೆ. ನೊರೆ, ಕಂಬ, ಗೇಟಿನ ಬೆನ್ನಿಗೆ ಉಕ್ಕಿನ ಉದ್ದ ತೋಳುಗಳು. ಅವು ಕಂಬದ ಬದಿಗೆ ಬಂದು ಕೂಡುವಲ್ಲಿಗೆ ಅವಳ ಬೆರಳು ಹೋಯಿತು.

"ಅಕಾ, ಅಲ್ಲೈತಿ!"